ಇಂಚರಾ ಹಿಡಿದ ಸುತ್ತುದಾರಿ

ಕಿಟಕಿಯಾಚೆ ಕಾಲುವೆಯೂ ಆಕಾಶವೂ ಒಂದೇ ಬೂದುಬಣ್ಣದಲ್ಲಿ ಕರಗಿಹೋಗಿದ್ದ ಒಂದು ಬೆಳಿಗ್ಗೆ, ಡಚ್ಚರ ನಾಡಿನ ನ್ಯೂವೆಗೈನ್ ಪಟ್ಟಣದ ಶಾಲೆಯಲ್ಲಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮುದುರಿ ಕೂತು, ನನ್ನ ಮಗಳು ವಿಶ್ವವಿದ್ಯಾಲಯಕ್ಕೆ ಹೋಗುವವಳಲ್ಲ ಎಂಬ ಮಾತು ಕೇಳಿಸಿಕೊಂಡೆ. ಇಂಚರಾಗೆ ಆಗ ಹನ್ನೊಂದು ವರ್ಷ.

ನಮ್ಮಲ್ಲಿ ಹತ್ತನೆಯ ತರಗತಿಯವರೆಗೆ ಎಲ್ಲರದೂ ಒಂದೇ ದಾರಿ. ಇಲ್ಲಿ ಪ್ರಾಥಮಿಕ ಶಾಲೆ ಮುಗಿಯುವಾಗಲೇ ಶಿಕ್ಷಕರು 'ಅಡ್ವೀಸ್', ಅಂದರೆ ಸಲಹೆ, ಕೊಡುತ್ತಾರೆ. ಅದರಂತೆ ಮಕ್ಕಳು ಬೇರೆ ಬೇರೆ ಬಗೆಯ ಪ್ರೌಢಶಾಲೆಗಳಿಗೆ ಹಂಚಿಹೋಗುತ್ತಾರೆ. ಇಂಚರಾಗೆ ಸಿಕ್ಕಿದ್ದು ಕಸುಬು ಕಲಿಸುವ ಶಾಲೆ. ನಾವು ಬಂದು ಎರಡೇ ವರ್ಷವಾಗಿತ್ತು. ಡಚ್ ಇನ್ನೂ ಅವಳ ನಾಲಿಗೆಗೆ ಹತ್ತಿರಲಿಲ್ಲ. ದಾವಣಗೆರೆಯಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತಿದ್ದ ನಾನು ಮಂಜಿನಲ್ಲಿ ಸೈಕಲ್ ತಳ್ಳಿಕೊಂಡು, ಅಳುತ್ತಾ ಮನೆ ಸೇರಿದೆ.

ಊರಿನಲ್ಲಿದ್ದ ಅಕ್ಕನಿಗೆ ಸುಳ್ಳು ಹೇಳಿದೆ. "ಒಳ್ಳೇ ಸ್ಕೂಲೇ ಸಿಕ್ತು ಅಕ್ಕ, ಮುಂದೆ ಡಾಕ್ಟ್ರೇ ಆಗ್ತಾಳೆ."

ಮೂರು ವರ್ಷ ಆ ಸುಳ್ಳನ್ನು ಸಾಕಿದೆ. ಒಂದು ಸಂಜೆ ಫೋನಿನಲ್ಲಿ ಮತ್ತೆ ಅದನ್ನೇ ಹೇಳುತ್ತಿದ್ದಾಗ ಇಂಚರಾ ಬಾಗಿಲಲ್ಲಿ ನಿಂತಿದ್ದಳು. ಶಾಲೆಯವರು ಕೆಲಸ ಕಲಿಯಲೆಂದು ಕಳಿಸಿದ್ದ ವೃದ್ಧಾಶ್ರಮದಿಂದ ಆಗಷ್ಟೇ ಬಂದಿದ್ದಳು.

"ಅಮ್ಮಾ, ನನ್ ಸ್ಕೂಲ್ ಬಗ್ಗೆ ಹೇಳೋಕೆ ನಿಂಗೆ ಶೇಮ್ ಆಗುತ್ತಾ? ಅಲ್ಲೊಬ್ರು ಅಜ್ಜಿ ಯಾರ ಕೈಲೂ ಊಟ ಮಾಡಲ್ವಂತೆ. ಇವತ್ತು ನನ್ ಕೈಲಿ ತಿಂದ್ರು."

ಅವಳೆದುರೇ ಅಕ್ಕನಿಗೆ ನಿಜ ಹೇಳಿದೆ. ಅಕ್ಕ, "ಮಗು ಖುಷಿಯಾಗಿದೆಯೇನೇ?" ಎಂದಳು, ಅಷ್ಟೆ.

ಒಂದರ ಮೇಲೊಂದು ಪೇರಿಸುವುದಕ್ಕೆ ಇಲ್ಲಿ 'ಸ್ಟಾಪೆಲೆನ್' ಅನ್ನುತ್ತಾರೆ. ಇಂಚರಾ ಓದನ್ನು ಹಾಗೆ ಪೇರಿಸಿದಳು: ಕಸುಬಿನ ಶಾಲೆ, ಅದರ ಮೇಲೆ ಶುಶ್ರೂಷೆಯ ತರಬೇತಿ, ಅದರ ಮೇಲೆ ನರ್ಸಿಂಗ್ ಪದವಿ. ಜೊತೆಗಿದ್ದವರಲ್ಲಿ ಹಲವರು ನಡುವೆಯೇ ನಿಂತರು. ಹನ್ನೊಂದರಲ್ಲಿ ಎಳೆದ ಗೆರೆ ಸುಲಭವಾಗಿ ಅಳಿಯುವಂಥದ್ದಲ್ಲ. ಆ ವರ್ಷಗಳನ್ನು ನೆನೆದರೆ ಈಗ ಎಲ್ಲವೂ ನೀರಿನ ಮೇಲಿನ ಬೆಳಕಿನಂತೆ ಅಲುಗುತ್ತದೆ, ಒಂದೂ ಬಿಡಿಯಾಗಿ ಕೈಗೆ ಸಿಗುವುದಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಅವಳನ್ನು ಸ್ನಾತಕೋತ್ತರ ಓದಿಗೆ ಬಿಡಲು ಮಾಸ್ಟ್ರಿಕ್ಟ್‌ನ ವಿಶ್ವವಿದ್ಯಾಲಯಕ್ಕೆ ಹೋದೆ. ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ಧಾರವಾಡದ ಹುಡುಗಿ ನಮ್ಮ ಮಾತು ಕೇಳಿ ಓಡಿ ಬಂದಳು.

"ಅಯ್ಯ, ಕನ್ನಡದೋರೇನ್ರಿ! ಯಾವ ಊರ್ರಿ ಆಂಟಿ ನಿಮ್ದು?"

"ನ್ಯೂವೆಗೈನ್" ಎಂದುಬಿಟ್ಟೆ.

ಹುಡುಗಿ ಜೋರಾಗಿ ನಕ್ಕಳು. ಇಂಚರಾ ನಗಲಿಲ್ಲ. ನನ್ನ ಕೈ ಹಿಡಿದುಕೊಂಡು, ನಿಧಾನವಾಗಿ ಅಂದಳು: "ನಾವು ದಾವಣಗೆರೆಯೋರು."