ಕೇಸರಿಬಾತಿಗೆ ಕೈ ಅಡ್ಡ ಹಿಡಿದ ಜಟ್ಟಪ್ಪ

ಭಂಡಿಗಡಿಯ ಜಟ್ಟಪ್ಪನ ಅಜ್ಜ ಹೂವಪ್ಪ, ಬದ್ಧವೈರಿಗಳ ಮಕ್ಕಳಿಗೆ ಗಂಟು ಹಾಕಿಸಿ, ಎರಡೂ ಕಡೆಯ ಬೈಗುಳ ಕೇಳುತ್ತಲೇ ಪಾಯಸದ ಕೊಪ್ಪರಿಗೆಯ ತಳ ಕಂಡವನು. ಅಪ್ಪ ತಮ್ಮಯ್ಯ, ಮೆಳ್ಳಗಣ್ಣಿನ ಗಂಡನ್ನು ‘ಎರಡೂ ಕಡೆ ನಿಗಾ ಇಡುವವ’ ಎಂದು ಹೊಗಳಿ ಹೆಣ್ಣು ಕೊಡಿಸಿದ ಭೂಪ. ಜಟ್ಟಪ್ಪನೂ ಮದುವೆ ಕುದುರಿಸುವವನೇ. ಹೋದ ಮನೆಯಲ್ಲೆಲ್ಲ ಸಿಹಿ ತಿಂದು ಅರವತ್ತು ದಾಟುವ ಹೊತ್ತಿಗೆ ಹಲಸಿನಕಾಯಿಯಂತೆ ಉಬ್ಬಿದ್ದ.

ಎರಡು ಸಾವಿರದ ಏಳರಲ್ಲಿ ಕೊಪ್ಪದ ಒಂದು ಆಸ್ಪತ್ರೆಗೆ ಟೀವಿ ಡಾಕ್ಟರು ಬಂದರು. ಆಕೆ ಕೂರುವುದು ದೂರದ ಪಟ್ಟಣದಲ್ಲಿ. ಇಲ್ಲಿ ವಯಸ್ಸಾದವರ ರಕ್ತ ಪರೀಕ್ಷಿಸಿ ಟೀವಿಯ ಮುಂದೆ ಕೂರಿಸಿದರೆ ಅಲ್ಲಿಂದಲೇ ನೋಡಿ ಮಾತಾಡುತ್ತಿದ್ದರು. ಹೆಂಡತಿ ನೀಲಾಂಬಿಕೆ ಜಟ್ಟಪ್ಪನನ್ನು ಎಳೆದೊಯ್ದಳು. ಅವಳ ಅಣ್ಣ ಧರ್ಮಪ್ಪನ ಒಂದು ಕಾಲನ್ನು ಸಕ್ಕರೆ ಕಾಯಿಲೆ ನುಂಗಿತ್ತು. ಮನೆ ಮನೆ ಅಲೆಯುವ ಜಟ್ಟಪ್ಪನಿಗೆ ಕಾಲು ಹೋದರೆ ಕಸುಬೇ ಹೋದಂತೆ.

ಕಾಯಿಲೆ ಇನ್ನೂ ಬಂದಿಲ್ಲ, ಹೊಸಿಲಲ್ಲಿ ನಿಂತಿದೆ ಎಂದರು ಡಾಕ್ಟರು.

“ಹಂಗಾದ್ರೆ ಈ ಸಂಬಂಧ ಮುರಿಯೋ ದಾರಿ ಹೇಳಿ ಅಮ್ಮಾ. ನಂಗೆ ಕೂಡ್ಸಾದು ಮಾತ್ರ ಗೊತ್ತಿರಾದು.”

ಸಿಹಿ ಬಿಡಿ, ದಿನಾ ನಡೆಯಿರಿ, ತಿಂಗಳು ಬಿಟ್ಟು ಮತ್ತೆ ಮುಖ ತೋರಿಸಿ ಎಂದರು.

ಆ ವಾರವೇ ಜಟ್ಟಪ್ಪ ತನ್ನೂರಿನ ಪುಟ್ಟಪ್ಪನ ಮಗನಿಗೆ ಹೆಣ್ಣು ಕೇಳಲು, ಪುಟ್ಟಪ್ಪನನ್ನೇ ಕರೆದುಕೊಂಡು ಕೆರೆಕಟ್ಟೆಯ ರಘುಪತಿಯ ಮನೆಗೆ ಹೋದ. ಕೇಸರಿಬಾತು ಬಂತು. ಜಟ್ಟಪ್ಪ ಕೈ ಅಡ್ಡ ಹಿಡಿದ. ಮದುವೆ ಮಾತಿಗೆ ಬಂದವನು ಸಿಹಿ ಬೇಡವೆಂದರೆ ನಮ್ಮ ಕಡೆ ಅದಕ್ಕೆ ಸಂಬಂಧವೇ ಬೇಡವೆಂದು ಅರ್ಥ. ಟೀವಿಯ ಧ್ಯಾನದಲ್ಲಿ ಅವನಿಗೆ ಅದು ಮರೆತೇ ಹೋಗಿತ್ತು. ಹುಡುಗಿಯ ತಾಯಿ ಸೆರಗಿಗೆ ಕಣ್ಣೊರೆಸಿಕೊಂಡಳು. ರಘುಪತಿ ಎದ್ದು ನಿಂತು, ಮಗಳ ಮೇಲೆ ಯಾರು ಚಾಡಿ ಹೇಳಿದರು ಎಂದು ಕೇಳಿದ. ಜಟ್ಟಪ್ಪ ರಕ್ತ, ಟೀವಿ, ಭಾವನ ಕಾಲು ಎಂದು ಏನೇನೋ ವಿವರಿಸಿದ. ಅಷ್ಟು ದೊಡ್ಡ ಸುಳ್ಳನ್ನು ರಘುಪತಿ ಆವರೆಗೆ ಕೇಳಿರಲಿಲ್ಲ.

ಕೊನೆಗೆ ಜಟ್ಟಪ್ಪ ತನ್ನ ತಟ್ಟೆಯನ್ನು ಪುಟ್ಟಪ್ಪನ ಮುಂದೆ ದಬ್ಬಿದ. “ಸೊಸೆ ಬರಾದು ನಿನ್ನ ಮನೆಗೆ. ನನ್ನ ಪಾಲೂ ನೀನೇ ತಿನ್ನು ಮಾರಾಯ.”

ಪುಟ್ಟಪ್ಪ ಎರಡು ತಟ್ಟೆ ಖಾಲಿ ಮಾಡಿದ ಮೇಲೆಯೇ ರಘುಪತಿ ಕೂತದ್ದು. ಸಂಬಂಧ ಕುದುರಿತು. ಅಲ್ಲಿಂದಾಚೆ ಗಂಡಿನ ಅಪ್ಪನಿಗೇ ಸಿಹಿ ತಿನ್ನಿಸುವುದು ಜಟ್ಟಪ್ಪನ ಪದ್ಧತಿಯಾಯಿತು. ತಿಂಗಳು ಬಿಟ್ಟು ಟೀವಿ ಡಾಕ್ಟರು ರಕ್ತದ ಲೆಕ್ಕ ನೋಡಿ ನಕ್ಕರು. ಹೀಗೇ ನಡೆಯುತ್ತಿರಿ ಎಂದರು.

ಮದುವೆಯ ದಿನ ಕೆರೆಕಟ್ಟೆಯಲ್ಲಿ ಬಸ್ಸಿಳಿದು ನಡೆದು ಹೋಗುತ್ತಿದ್ದ ಜಟ್ಟಪ್ಪನ ಪಕ್ಕ ಪುಟ್ಟಪ್ಪ ಜೀಪು ನಿಲ್ಲಿಸಿ, ಹತ್ತು ಎಂದು ಕೈ ಚಾಚಿದ.

“ನೀ ಹೋಗು ಮಾರಾಯ. ಇವತ್ತು ಜೀಪಿಗೆ ಹತ್ಸಿ, ನಾಳೆ ನನ್ನ ಹೊತ್ಕಂಡು ಹೆಣ್ಣು ಹುಡುಕ್ತೀಯಾ? ಕಾಲು ಎರಡೂ ಇದಾವೆ, ನಡ್ಕಂಡೇ ಬತ್ತೀನಿ.”