ಪ್ರಾರ್ಥನೆಯ ಬೆನ್ನೇರಿ ಬಂದ ಸುಳ್ಳು

ಆ ಕಿಟಕಿ ಸ್ವಲ್ಪ ಹಾಕು ಮಗೂ, ಬೀದಿಯ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಿಸುತ್ತಿಲ್ಲ. ಎಲ್ಲಿಗೆ ಬಂದಿದ್ದೆವು? ಹಾಂ, ಸೂಜಿಯಕ್ಕ. ಬರೆದುಕೋ.

ನಮ್ಮ ಪ್ರಾರ್ಥನಾ ಮಂದಿರದ ಪರದೆ, ಹಾಸು, ಹಾಡುವವರ ನಿಲುವಂಗಿ, ಎಲ್ಲ ಹೊಲಿಯುವವಳು ಅವಳೇ. ತುಟಿಯ ನಡುವೆ ಯಾವಾಗಲೂ ಒಂದೆರಡು ಸೂಜಿ. ಅದಕ್ಕೇ ಆ ಹೆಸರು. ಸೂಜಿ ಕಚ್ಚಿಕೊಂಡೇ ಜಗಳವಾಡುತ್ತಿದ್ದಳು. "ನೀನು ಬೈದಿದ್ದು ಅರ್ಧನೂ ತಿಳಿಯಲ್ಲ ಕಣೇ, ಅದಕ್ಕೇ ಸಂಸಾರ ನಡೀತಿದೆ" ಅನ್ನುತ್ತಿದ್ದ ಅವಳ ಗಂಡ, ಪುಣ್ಯಾತ್ಮ. ಈಗಿಲ್ಲ. ಅದಿರಲಿ.

ಮಂದಿರದ ಹೆಂಗಸರಿಗೆ ಫೋನಿನಲ್ಲಿ ಒಂದು ಗುಂಪಿದೆ. ಅಲ್ಲಿಗೆ ಬಂದ ಪ್ರಾರ್ಥನೆಯನ್ನು ತಡೆಯಬಾರದು, ಮುಂದಿನವರಿಗೆ ದಾಟಿಸಬೇಕು ಎಂಬುದು ನಮ್ಮಲ್ಲಿ ರೂಢಿ. ಒಂದು ಬೆಳಿಗ್ಗೆ ಫೋಟೊ ಬಂತು: ಆಸ್ಪತ್ರೆಯ ಹಾಸಿಗೆಗಳಲ್ಲಿ ಮಕ್ಕಳು. ಮೂಲೆಯ ಬೇಕರಿಯವನ ಬ್ರೆಡ್ಡು ತಿಂದು ಹೀಗಾದರಂತೆ. ಅವನು ಬೇರೆ ಧರ್ಮದವನು, ಬೇಕೆಂದೇ ವಿಷ ಬೆರೆಸಿದನಂತೆ. ಕೊನೆಯಲ್ಲಿ ಆ ಮಕ್ಕಳಿಗಾಗಿ ನಾಲ್ಕು ಸಾಲಿನ ಪ್ರಾರ್ಥನೆ. ಸೂಜಿಯಕ್ಕನ ಕಣ್ಣು ತುಂಬಿತು. ಪ್ರಾರ್ಥನೆ ಹೇಳಿಕೊಂಡಳು, ಎಲ್ಲರಿಗೂ ದಾಟಿಸಿದಳು, ಮತ್ತೆ ಹೊಲಿಗೆಗೆ ಕೂತಳು.

ಆ ವಾರವೇ ಬೇಕರಿಯ ಗಾಜು ಒಡೆಯಿತು. ಗಿರಾಕಿಗಳು ಬರುವುದು ನಿಂತಿತು. ಬೇಕರಿಯವನು ತನ್ನ ಎರಡು ಒಲೆಗಳಲ್ಲಿ ಒಂದನ್ನು ನಂದಿಸಿಬಿಟ್ಟ.

ಆಮೇಲೆ ಮಂದಿರದ ಹಿಂದಿನ ಕೋಣೆಯಲ್ಲಿ, ಮುರುಕು ಬೆಂಚುಗಳನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ, ತರಬೇತಿ ಇಟ್ಟರು. ಫೋನಿನಲ್ಲಿ ಬರುವ ಸುಳ್ಳನ್ನು, ದ್ವೇಷವನ್ನು ತಡೆಯುವುದು ಹೇಗೆ ಎಂದು. ಎಲ್ಲ ಧರ್ಮದವರನ್ನೂ ಕರೆದಿದ್ದರು. ಬೇಕರಿಯವನೂ ಬಂದು ಬಾಗಿಲ ಪಕ್ಕ ಕೂತಿದ್ದ. ಕಲಿಸಲು ಬಂದ ಹೆಣ್ಣುಮಗಳು ಅದೇ ಫೋಟೊವನ್ನು ಗೋಡೆಯ ಮೇಲೆ ಮೂಡಿಸಿ, ಅದರ ಮೂಲ ಹುಡುಕಿ ತೋರಿಸಿದಳು. ಯಾವುದೋ ದೂರದ ಊರಿನ, ಎಂದೋ ಬಂದುಹೋದ ಜ್ವರದ ಕಾಲದ ಚಿತ್ರ.

"ಇದನ್ನ ಯಾರ್ಯಾರು ಕಳಿಸಿದ್ರಿ?" ಎಂದು ಕೇಳಿದಳು.

ಅರ್ಧ ಕೋಣೆ ಕಳಿಸಿತ್ತು. ಒಂದು ಕೈಯೂ ಏಳಲಿಲ್ಲ. ಸೂಜಿಯಕ್ಕ ಬಾಯಿಂದ ಸೂಜಿ ತೆಗೆದು ತೋಳಿನ ಬಟ್ಟೆಗೆ ಸಿಕ್ಕಿಸಿ, ಕೈ ಎತ್ತಿದಳು.

"ನಾನು ಕಳಿಸ್ದೆ. ಪ್ರಾರ್ಥನೆ ಇತ್ತಲ್ಲ, ಅದು ಸುಳ್ಳಿರಬಹುದು ಅಂತ ಹೊಳೀಲೇ ಇಲ್ಲ."

ಬೇಕರಿಯವನು ತಿರುಗಿದ. "ಅಕ್ಕ, ನಿಮ್ಮ ಮಗಳ ಮದುವೆಗೆ ಕೇಕು ಮಾಡ್ಕೊಟ್ಟವನು ನಾನು. ಮೂಲೇಲೇ ಇದೀನಿ. ಒಂದ್ಸಲ ಬಂದು ಕೇಳ್ಬಹುದಿತ್ತಲ್ಲ."

"ಕೇಳ್ಬಹುದಿತ್ತಪ್ಪ," ಎಂದಳು ಸೂಜಿಯಕ್ಕ.

ಮನೆಗೆ ಬಂದವಳೇ ನಿಜ ಏನೆಂದು ಗುಂಪಿಗೆ ಕಳಿಸಿದಳು. ಯಾರೂ ದಾಟಿಸಲಿಲ್ಲ. ಅದರ ಕೊನೆಯಲ್ಲಿ ಪ್ರಾರ್ಥನೆ ಇರಲಿಲ್ಲವಲ್ಲ.

"ನಾಲ್ಕು ಸಾಲು ಸೇರಿಸಿಬಿಡೇ, ತಾನೇ ಓಡತ್ತೆ," ಎಂದಳು ಅವಳ ವಾರಗಿತ್ತಿ.

"ಬೇಡ. ಓದದೇ ದಾಟಿಸೋದನ್ನ ನಾನೇ ಮತ್ತೆ ಕಲಿಸಿದ ಹಾಗಾಗತ್ತೆ. ತಪ್ಪು ಹೊಲಿಗೆ ಮೇಲೆ ಇನ್ನೊಂದು ಹೊಲಿಗೆ ಹಾಕ್ತಾರೇನೆ? ಕೂತು ಬಿಚ್ಚಬೇಕು."

ಈಗ ಪ್ರಾರ್ಥನೆ ಮುಗಿದು ಜನ ಹೊರಬರುವ ಹೊತ್ತಿಗೆ ಸರಿಯಾಗಿ ಮಂದಿರದ ಮೆಟ್ಟಿಲ ಮೇಲೆ ನಿಂತಿರುತ್ತಾಳೆ, ಕೈಯಲ್ಲಿ ಆ ಬೇಕರಿಯ ಬ್ರೆಡ್ಡು. ಮುರಿದು ತಿನ್ನುತ್ತ, "ನಾನೇ ಕಳಿಸಿದ್ದು, ಸುಳ್ಳು ಕಣ್ರೀ ಅದು," ಎನ್ನುತ್ತಾಳೆ. ಕೆಲವರು ಮುಖ ತಿರುಗಿಸಿಕೊಂಡು ಇಳಿದುಹೋಗುತ್ತಾರೆ. ಕೆಲವರು ಒಂದು ಚೂರು ಇಸಿದುಕೊಳ್ಳುತ್ತಾರೆ. ಆರಿದ ಒಲೆ ಇನ್ನೂ ಹೊತ್ತಿಲ್ಲ.

ಸಾಕು, ಪೆನ್ನು ಕೆಳಗಿಡು. ಬೇಕರಿ ಬಾಗಿಲು ಹಾಕುವುದರೊಳಗೆ ಹೋಗಿ ಒಂದು ಬ್ರೆಡ್ಡು ತಾ. ಚೀಲ ಒಯ್ಯಬೇಡ. ಕೈಯಲ್ಲೇ ಹಿಡಿದುಕೊಂಡು, ಮಂದಿರದ ಮುಂದಿನಿಂದಲೇ ನಡೆದು ಬಾ.