ಉಂಗುರಣ್ಣನ ಒಂದು ಚಿಟಿಕೆ

ನಮ್ಮ ಪಶುರೋಗ ಲ್ಯಾಬಿನಲ್ಲಿ ಉಂಗುರಣ್ಣ ಎಂದರೆ ಯಾರೂ ಅವರ ಬೆರಳು ನೋಡುವುದಿಲ್ಲ. ಇಪ್ಪತ್ತಾರು ವರ್ಷ ಆ ಬೆರಳುಗಳು ಮುಟ್ಟಿದ್ದು ದನಕರುಗಳ ಸಗಣಿಯನ್ನು. ಅದರಲ್ಲಿರುವ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಔಷಧಿ ಹೀರಿಸಿದ ಕಾಗದದ ಬಿಲ್ಲೆಗಳನ್ನು ಮೇಲಿಟ್ಟು, ಮರುದಿನ ನೋಡುತ್ತಾರೆ. ರೋಗಾಣು ಸತ್ತಿದ್ದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಕಾಣುತ್ತದೆ. ಉಂಗುರ ಮೂಡದಿದ್ದರೆ ಆ ಔಷಧಿಯೂ ಒಂದೇ, ನೀರೂ ಒಂದೇ. ಉಂಗುರ ಅಳೆಯುವುದು ಇವರ ಕೆಲಸ. ಗುಮಾಸ್ತನಾದ ನಾನು ಅಳತೆಯ ಒಂದು ಅಂಕಿ ತಪ್ಪಾಗಿ ಟೈಪ್ ಮಾಡಿದರೂ ಸಾಕು, ಊಟದ ಹೊತ್ತಿನವರೆಗೆ ಬೈಗುಳ.

ದನ ಸಾಕುವವರು ಸಿಕ್ಕರಂತೂ ಹಬ್ಬ. "ಅರ್ಧಂಬರ್ಧ ಔಷಧಿ ಕೊಡ್ತೀರಲ್ರೀ, ರೋಗಕ್ಕೆ ತಾಲೀಮು ಕೊಡ್ತಿದ್ದೀರಾ?" ಎಂದು ಗದರಿಸುತ್ತಿದ್ದರು. ಅವರು ತಲೆ ಕೆರೆದುಕೊಂಡು ಹೋಗುತ್ತಿದ್ದರು.

ಇಂಥವರು ರಜೆಯ ದಿನ ತಂಗಿಯ ಕೊಟ್ಟಿಗೆಗೆ ಹೋದರೆ ಬೇರೆಯೇ ಮನುಷ್ಯ. ಅವಳು ಹನ್ನೆರಡು ಕರು ಸಾಕಿದ್ದಳು. "ನಮ್ಮಣ್ಣ ಡಾಕ್ಟ್ರಿಗಿಂತ ಮೇಲು" ಎಂದು ಒಮ್ಮೆ ಅಂದಳು, ಇವರು ಉಬ್ಬಿಹೋದರು. ಅಂಗಡಿಯಿಂದ ಒಂದು ಡಬ್ಬಿ ಔಷಧಿ ಪುಡಿ ತಂದುಕೊಟ್ಟು, "ದಿನಾ ಹಾಲಿಗೆ ಒಂದು ಚಿಟಿಕೆ ಹಾಕು, ರೋಗ ಹತ್ರಾನೂ ಸುಳಿಯಲ್ಲ" ಎಂದರು. ಚಿಟಿಕೆ ಎಂದರೆ ಎಷ್ಟು ಗ್ರಾಂ ಎಂದು ಅವಳು ಕೇಳಲಿಲ್ಲ, ಇವರೂ ಹೇಳಲಿಲ್ಲ. ಡಬ್ಬಿ ಮುಗಿದಾಗ ಬೇರೆ ಪುಡಿ, ಅದು ಮುಗಿದಾಗ ಇನ್ನೊಂದು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವುದು ಇದಕ್ಕೇ.

ಎರಡು ವರ್ಷ ಕಳೆಯಿತು. ಒಂದು ಬೆಳಗ್ಗೆ ಉಂಗುರಣ್ಣ ತಟ್ಟೆಯೊಂದನ್ನು ಎತ್ತಿ ಹಿಡಿದು ನಮ್ಮನ್ನೆಲ್ಲ ಕರೆದರು. ಭೇದಿಯಾಗುತ್ತಿದ್ದ ಕರುವಿನ ಮಾದರಿ ಅದು. ಏಳು ಬಿಲ್ಲೆ ಇಟ್ಟಿದ್ದರೆ ಉಂಗುರ ಒಂದಕ್ಕೆ ಮಾತ್ರ. ಉಳಿದ ಆರರ ಅಂಚಿನವರೆಗೂ ರೋಗಾಣು ದಟ್ಟವಾಗಿ ಬೆಳೆದಿತ್ತು. ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು: ಕರುಳನ್ನು ಕೆಡಿಸುವ ಜೀನೂ ಇದೆ, ಔಷಧಿಯನ್ನು ತಡೆದುಕೊಳ್ಳುವ ಜೀನೂ ಇದೆ.

"ಯಾವನಪ್ಪ ಈ ಮಹಾನುಭಾವ! ರೋಗಾಣೂನ ಇಷ್ಟು ಅಕ್ಕರೆಯಿಂದ ಸಾಕಿದ್ದಾನಲ್ಲ, ಸನ್ಮಾನ ಮಾಡ್ಬೇಕು" ಎಂದು ಉಂಗುರಣ್ಣ ನಕ್ಕರು. ನಾವೂ ನಕ್ಕೆವು.

ನಮ್ಮಲ್ಲಿ ಟ್ಯೂಬಿನ ಮೇಲೆ ನಂಬರ್ ಮಾತ್ರ ಇರುತ್ತದೆ. ಹೆಸರು ಇರುವುದು ನನ್ನ ರಿಜಿಸ್ಟರಿನಲ್ಲಿ. ವರದಿ ಟೈಪ್ ಮಾಡಲು ಪುಟ ತೆರೆದೆ. ಅವರ ತಂಗಿಯ ಹೆಸರು. ಪುಸ್ತಕವನ್ನೇ ಅವರ ಕಡೆ ತಿರುಗಿಸಿದೆ. ಓದಿದವರು ಕುರ್ಚಿ ಹುಡುಕಿಕೊಂಡು ಕೂತರು.

ಕರುಗಳ ಚಿಂತೆಯಲ್ಲ ಅದು. ಆ ತಂಗಿಯ ನಾಲ್ಕು ವರ್ಷದ ಮೊಮ್ಮಗಳು ಮೂರು ದಿನದಿಂದ ಮಕ್ಕಳ ಆಸ್ಪತ್ರೆಯಲ್ಲಿದ್ದಳು. ಜ್ವರ, ರಕ್ತಭೇದಿ. ದಿನವಿಡೀ ಕರುಗಳ ಜೊತೆಯೇ ಆಡುತ್ತಿದ್ದ ಮಗು. ಆಸ್ಪತ್ರೆಯವರ ಪರೀಕ್ಷೆಯ ಫಲಿತಾಂಶ ಬರಲು ಇನ್ನೂ ಎರಡು ದಿನವಿತ್ತು. ಅಲ್ಲಿಯವರೆಗೆ ಅವರು ಕೊಡುತ್ತಿದ್ದ ಇಂಜೆಕ್ಷನ್ ಉಂಗುರ ಮೂಡದ ಆರರಲ್ಲಿ ಒಂದು. ಹಿಂದಿನ ಸಂಜೆ ಮಗುವನ್ನು ನೋಡಲು ಹೋಗಿ, "ಒಳ್ಳೇ ಇಂಜೆಕ್ಷನ್ನೇ ಕೊಡ್ತಿದ್ದಾರೆ, ಹೆದರ್ಬೇಡ" ಎಂದು ತಂಗಿಗೆ ಧೈರ್ಯ ಹೇಳಿ ಬಂದವರು ಇವರೇ.

ಬಾಯಿ ಮುಚ್ಚಿಕೊಂಡಿದ್ದರೆ ನೌಕರಿಗೆ ಏನೂ ತೊಂದರೆಯಿರಲಿಲ್ಲ. ಉಂಗುರಣ್ಣ ನನ್ನ ಮೇಜಿನ ಫೋನನ್ನೇ ಎತ್ತಿಕೊಂಡರು. ಮಕ್ಕಳ ಆಸ್ಪತ್ರೆಗೆ ನಂಬರ್ ಒತ್ತಿದರು.

"ಡಾಕ್ಟ್ರೇ, ನಮ್ಮ ತಂಗಿ ಮೊಮ್ಮಗಳಿಗೆ ಬಂದಿರೋದು ಕರುಗಳ ರೋಗಾನೇ ಇರ್ಬೇಕು. ನೀವು ಕೊಡ್ತಿರೋ ಔಷಧಿ ಇದಕ್ಕೆ ಹಿಡಿಯಲ್ಲ" ಎಂದು, ಉಂಗುರ ಮೂಡಿದ್ದ ಔಷಧಿಯ ಹೆಸರು ಹೇಳಿದರು.

"ಕರುಗಳಿಗೆ ಮುಂಚೆ ಏನೇನು ಕೊಟ್ಟಿದ್ರು?"

ಮೂರು ಪುಡಿಗಳ ಹೆಸರೂ ಹೇಳಿದರು.

"ಯಾರು ಕೊಡೋಕೆ ಹೇಳಿದ್ದು?"

"ನಾನೇ."

ಔಷಧಿ ಬದಲಾಯಿತು. ನಾಲ್ಕನೆಯ ದಿನ ಮಗು ಎದ್ದು ಕೂತು ಬಿಸ್ಕೆಟ್ ಕೇಳಿತು. ಕರುಗಳಲ್ಲಿ ಎರಡು ಸತ್ತವು. ಅನುಮತಿಯಿಲ್ಲದೆ ಔಷಧಿ ಕೊಡಿಸಿದ್ದಕ್ಕೆ ಉಂಗುರಣ್ಣನಿಗೆ ನೋಟಿಸು ಬಂತು; ಟೈಪ್ ಮಾಡಿದವನು ನಾನೇ, ಆ ದಿನ ಒಂದಕ್ಷರವೂ ತಪ್ಪಲಿಲ್ಲ. ತಂಗಿಯ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡರು. ಅವಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ನೀನು ಒಳ್ಳೇದಕ್ಕೇ ಕೊಟ್ಟಿದ್ದಲ್ವಾ ಅಣ್ಣ" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಅವರು ನನ್ನ ಹತ್ತಿರ ಹೇಳಿಕೊಂಡರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. "ನಮ್ಮಣ್ಣ ಫೋನ್ ಮಾಡಿದ್ದೇ ತಡ, ಮಗು ಎದ್ದು ಕೂತ್ಲು" ಎಂದು ಅವಳು ಬೀದಿಗೆಲ್ಲ ಸಾರಿದಳು. ಮರುವಾರ ಲ್ಯಾಬಿನ ಬಾಗಿಲಲ್ಲಿ ಕರು ಸಾಕುವವರ ಸಾಲು. ಎಲ್ಲರಿಗೂ ಉಂಗುರಣ್ಣನ ಕೈಯಿಂದಲೇ ಔಷಧಿ ಬೇಕು.

"ನಾನು ಡಾಕ್ಟ್ರಲ್ಲ, ಹೋಗ್ರಪ್ಪ" ಎಂದರೆ ಯಾರೂ ಕದಲಲಿಲ್ಲ. ಕೊನೆಗೆ ಅವರಿಗೆ ತಡೆಯಲಾಗಲಿಲ್ಲ.

"ಆ ಮಗೂನ ಸಾವಿನ ಬಾಗಿಲಿಗೆ ತಳ್ಳಿದ್ದೇ ನಾನು ಕಣ್ರೀ!" ಎಂದು ಕೂಗಿಬಿಟ್ಟರು. ಕಣ್ಣಲ್ಲಿ ನೀರು ತುಂಬಿತ್ತು.

ಸಾಲಿನ ಮುಂದಿದ್ದ ಮುದುಕ ಕೈ ಮುಗಿದು, ನನ್ನ ಕಡೆ ತಿರುಗಿದ.

"ನೋಡಿದ್ರಾ? ಒಂದು ಚೂರೂ ಜಂಬ ಇಲ್ಲ."